ನಾಲ್ಕನೆಯ ಮುದ್ದೆ

ಹಾಸನದ ಸಾಲಗಾಮೆ ರಸ್ತೆ. ಹಾಸ್ಟೆಲಿನಲ್ಲಿ ಕರೆಂಟಿಲ್ಲ.
ಬೆಳಿಗ್ಗೆ ಹತ್ತಕ್ಕೆ ನನ್ನ ಸೆಮಿನಾರು.
ಉಳಿದಿದ್ದ ಬೆಳಕು ಒಲೆಯದೊಂದೇ;
ನೋಟುಬುಕ್ಕು ಹಿಡಿದು ಅಡುಗೆಮನೆ ಹೊಸ್ತಿಲಲ್ಲಿ ಕೂತೆ.

ಏನವ್ವಾ ಓದ್ತಿರದು? ಎಂದಳು ದ್ಯಾವಮ್ಮ.
ತೂಕ ಎಲ್ಲಿಂದ ಬತ್ತದೆ ಅಂತ.
ಅದ್ಕೆ ಪುಸ್ತಕ ಬ್ಯಾರೆ ಕೇಡು,
ಎನ್ನುತ್ತ ಎಸರಿಗೆ ಹಿಟ್ಟು ಸುರಿದಳು.

ಹೇಗೆ ಹೇಳಲಿ?
ಬಲವನ್ನು ಹೊತ್ತು ತಿರುಗುವ ಕಣಗಳಿಗೆ
ತೂಕವೇ ಇರಕೂಡದೆಂದು ಸಮೀಕರಣದ ಕಟ್ಟಳೆ.
ನಾವೇ ಪೆನ್ನು ಹಿಡಿದು ಒಂದಿಷ್ಟು ಸೇರಿಸಿದೆವೋ,
ಇಡೀ ಸಾಲು ಹಳಸಿದ ಸಾರಿನಂತೆ ನೊರೆಯೆದ್ದು
ಉತ್ತರ ಅನಂತಕ್ಕೆ ಉಕ್ಕುತ್ತದೆ.
ತಕ್ಕಡಿ ಮಾತ್ರ ಬೇರೆ ಹೇಳುತ್ತದೆ:
ನಾಲ್ವರಲ್ಲಿ ಮೂವರು ಭಾರ. ತುಂಬ ಭಾರ.

ಮೂಲೆಯಲ್ಲೊಂದು ಖಾಲಿ ತಪ್ಪಲೆ,
ಯಾವ ವರ್ಷದ ಪೆಟ್ಟೋ, ತಳ ಒಳಕ್ಕೆ ಉಬ್ಬಿದೆ.
ಉಬ್ಬಿನ ನೆತ್ತಿಯ ಮೇಲೆ ಒಂದು ಒಣ ಬಟಾಣಿ ಇಟ್ಟೆ.
ಎತ್ತ ನೋಡಿದರೂ ಅದೇ ಇಳಿಜಾರು.
ಉಸಿರು ಹಿಡಿದಷ್ಟು ಹೊತ್ತು ನಿಂತಿತು,
ಆಮೇಲೆ ಉರುಳಿತು, ಬಾಗಿಲ ಕಡೆಗೆ.

ಬಾಗಿಲ ಕಡೆಗೇ ಯಾಕೆ?
ತಪ್ಪಲೆ ಹೇಳಿರಲಿಲ್ಲ. ಅದು ಈಗಲೂ ದುಂಡಗೇ ಇದೆ,
ಪಕ್ಷಪಾತವಿಲ್ಲ ಅದಕ್ಕೆ; ಪಕ್ಷ ಹಿಡಿದದ್ದು ಕಾಳು.
ಎಲ್ಲಾದ್ರೂ ಒಂದ್ಕಡೆ ಬೀಳ್ಲೇಬೇಕಲ್ಲವ್ವಾ,
ಎಂದಳು ದ್ಯಾವಮ್ಮ, ತಿರುಗಿಯೂ ನೋಡದೆ.

ಬಿದ್ದ ಕಾಳನ್ನು ಬೆರಳ ತುದಿಯಲ್ಲಿ ತಳ್ಳಿದೆ.
ಉಬ್ಬನ್ನು ಸುತ್ತಿ ಬಂತು,
ಏರಿಲ್ಲ, ಇಳಿತವಿಲ್ಲ, ಒಂದು ಚೂರೂ ಶ್ರಮವಿಲ್ಲ.
ಈ ಪುಕ್ಕಟೆ ಓಡಾಟ ಎಲ್ಲಿ ಹೋಯಿತು?
ತಿಂದವು, ಎನ್ನುತ್ತದೆ ಪುಸ್ತಕ.
ತಿನ್ನದಲ್ಲ ಕಣವ್ವ, ನುಂಗಾದು.

ಅಷ್ಟರಲ್ಲಿ ಹಿಟ್ಟು ಬೆಂದು ಕೂಡಿತ್ತು.
ಕವೆಗೋಲು ಮೆಟ್ಟಿ ಅವಳು ತಿರುವುತ್ತಿದ್ದಳು,
ಆಡುತ್ತಿದ್ದ ಕೋಲು ಈಗ ಅಲುಗದು.
ಬರೆದುಕೊಂಡೆ. ಮತ್ತೆ ಹೊಡೆದು ಹಾಕಿದೆ:
ಅಂಟಿನಲ್ಲಿ ತಡವಾಗುವುದೇ ಬೇರೆ,
ಭಾರವಾಗುವುದೇ ಬೇರೆ.

ತಟ್ಟೆ ನಾಲ್ಕು, ಮುದ್ದೆ ನಾಲ್ಕು.
ಹೊಳೆನರಸೀಪುರದ ಅವಳಿಗಳು ಸಿಂಧು, ಬಿಂದು,
ಒಬ್ಬಳು ಹೌದೆಂದರೆ ಇನ್ನೊಬ್ಬಳು ಅಲ್ಲವೆನ್ನುವವರು,
ತೂಕದಲ್ಲಿ ಮಾತ್ರ ಕೂದಲೆಳೆಯ ಫರಕಿಲ್ಲ.
ನಾನು. ಮತ್ತೆ ಜಿನನಾಥಪುರದ ಧವಳಾ,
ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದವಳು.
ಮೊದಲ ವರ್ಷ ಅವಳೂ ನಾನೂ
ಯಾರು ಯಾರೆಂದು ತಿಳಿಯದಷ್ಟು ಬೆರೆತಿದ್ದೆವು.

ಮೂವರು ನುಂಗಿದೆವು,
ಹುರುಳಿಸಾರಿನಲ್ಲಿ ಅದ್ದಿ, ಹಲ್ಲಿಗೆ ತಾಗಿಸದೆ.
ನನ್ನದು ತುಸು ದೊಡ್ಡದೇ ಇತ್ತು.
ಆಮೇಲೆ ಜಗಲಿ ದಾಟುವುದು ನಮ್ಮ ಕೈಲಾಗಲಿಲ್ಲ;
ಪಕ್ಕದವರಿಗಷ್ಟೇ ಕೇಳುವ ಮಾತು, ಅದೂ ಎರಡೇ.
ಧವಳಾ ಚಪ್ಪಲಿ ಮೆಟ್ಟಿ ಗೇಟು ದಾಟಿದಳು,
ಉಪಗ್ರಹ ಕೇಂದ್ರದ ದೊಡ್ಡ ತಟ್ಟೆಗಳು
ಆಕಾಶಕ್ಕೆ ಬಾಯಿ ತೆರೆದು ಕೂತಿರುವ ದಿಕ್ಕಿಗೆ,
ವಾರ್ಡನ್ನು ಸೀಟಿ ಊದಿದರೂ ಕೇಳಿಸದಷ್ಟು ದೂರ.
ಉಣ್ಣದವಳಿಗೆ ಯಾವ ಊರು ದೂರ!

ಎಂಬತ್ತು, ಎಂಬತ್ತು, ತೊಂಬತ್ತೊಂದು.
ಬೆಳಕಿನ ಮುಂದೆ ಸೊನ್ನೆ.

ಬಿಂದು ನಿದ್ದೆಗಣ್ಣಲ್ಲಿ ಕೋಣೆಗೆ ಹೊರಟಾಗ ನೋಡಿದೆ.
ಭಾರವಾದವರಿಗೊಂದು ಹೊಸ ಅಲುಗಾಟ ಬರುತ್ತದಂತೆ,
ಅಡ್ಡಡ್ಡ ಎರಡೇ ಬಗೆಯಲ್ಲಿ ತುಯ್ಯುತ್ತಿದ್ದವರು
ಹೋಗುವ ದಾರಿಯಲ್ಲೇ ಹಿಂದೆ ಮುಂದೆ ತೂಗುತ್ತಾರಂತೆ.
ನುಂಗಿದ್ದು ಎಲ್ಲೂ ಹೋಗಿಲ್ಲ,
ನಡಿಗೆಯಾಗಿದೆ.

ಉಳಿದದ್ದು ನಾಲ್ಕನೆಯ ಮುದ್ದೆ.
ಅಂಥದೊಂದನ್ನು ನೆಲದಡಿ
ಇಪ್ಪತ್ತೇಳು ಕಿಲೋಮೀಟರು ಸುತ್ತಿನ ಸುರಂಗದಲ್ಲಿ ಹುಡುಕಿದರಂತೆ,
ಲೆಕ್ಕ ಬರೆದ ನಲವತ್ತೆಂಟು ವರ್ಷಕ್ಕೆ ಸಿಕ್ಕಿತಂತೆ.
ನಮ್ಮದು ಬಟ್ಟಲಿನಡಿ ಕವುಚಿಕೊಂಡು
ಬೆಳಗಿನವರೆಗೂ ಅಲ್ಲೇ ಇತ್ತು.
ಮಜ್ಜಿಗೆಗೆ ಹಿಚುಕಿ, ಉಪ್ಪು ಈರುಳ್ಳಿ ಹಾಕಿ
ದ್ಯಾವಮ್ಮ ನಿಂತಲ್ಲೇ ಕುಡಿದಳು.

ಒಂಬತ್ತೂ ಮುಕ್ಕಾಲಿಗೆ ಓಡಿ ಬಂದೆ,
ತಪ್ಪಲೆಯನ್ನು ತರಗತಿಗೇ ಒಯ್ಯೋಣವೆಂದು.
ತೊಳೆದು ಬೋರಲು ಹಾಕಿದ್ದಳು. ಬಟಾಣಿ ಇಲ್ಲ.
ಉಪ್ಪಿಟ್ಟಿಗೆ ಹಾಕ್ದೆ ಕಣವ್ವ.
ಯಾಕೆ, ಲೆಕ್ಕಕ್ಕೆ ಬೇಕಿತ್ತಾ?